ಪುಸ್ತಕದಲ್ಲಿ ಒಂದು, ಟೇಪಿನಲ್ಲಿ ಇನ್ನೊಂದು: ರಾಜಕಾರಣಿಗಳ ಆತ್ಮಕತೆಯನ್ನು ಹೇಗೆ ಓದಬೇಕು?

ಹಳೇಪುಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಹೆನ್ರಿ ಕಿಸಿಂಜರ್ ಬರೆದ ‘ವೈಟ್ ಹೌಸ್ ಇಯರ್ಸ್’ ಮುಗಿಸಿದೆ. 1979ರಲ್ಲಿ ಬಂದ ಪುಸ್ತಕ, ಇಟ್ಟಿಗೆಯಷ್ಟು ದಪ್ಪ. ನನಗೆ ಬೇಕಾಗಿದ್ದು 1971ರ ಭಾರತ-ಪಾಕಿಸ್ತಾನ ಯುದ್ಧದ ಅಧ್ಯಾಯ. ಆ ಡಿಸೆಂಬರ್ ಬಗ್ಗೆ ಮನೆಯಲ್ಲಿ ಕೇಳುತ್ತಲೇ ಬೆಳೆದವನು ನಾನು. ನಮ್ಮ ತಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೊಯ್ರಾದಲ್ಲಿ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳನ್ನು ಹೊಡೆದುರುಳಿಸಿದ ನ್ಯಾಟ್ ವಿಮಾನ ನಮ್ಮೂರಲ್ಲೇ ತಯಾರಾಗುತ್ತಿತ್ತು ಅಂತ ಹೇಳುವಾಗ ಅವರ ಮುಖ ಅರಳುತ್ತಿತ್ತು. ಹಾಗಾಗಿ ಆಗ ಅಮೆರಿಕದ ಕಡೆ ಏನು ನಡೆಯಿತು ಅನ್ನೋದು ನನಗೆ ಹೊತ್ತು ಕಳೆಯಲು ಓದುವ ವಿಷಯ ಅಲ್ಲ.

1971ರ ನವೆಂಬರ್ 4 ಮತ್ತು 5ರಂದು ಇಂದಿರಾ ಗಾಂಧಿ ವೈಟ್ ಹೌಸ್‌ಗೆ ಹೋಗಿದ್ದರು. ನಿಕ್ಸನ್ ಜೊತೆ ಆದ ಮಾತುಕತೆಯನ್ನು ಕಿಸಿಂಜರ್ ಇಬ್ಬರು ಕಿವುಡರ ಸಂಭಾಷಣೆ ಅನ್ನೋ ಹಾಗೆ ವರ್ಣಿಸುತ್ತಾರೆ. ಇವರು ಹೇಳಿದ್ದು ಅವರಿಗೆ ಕೇಳಲಿಲ್ಲ, ಅವರು ಹೇಳಿದ್ದು ಇವರಿಗೆ ಕೇಳಲಿಲ್ಲ. ಜೊತೆಗೆ ಇನ್ನೊಂದು ಮಾತು ಇದೆ. ಆಕೆಯನ್ನು ಭೇಟಿ ಮಾಡಿದ ಮೇಲೆ ನಿಕ್ಸನ್ ಆಡುತ್ತಿದ್ದ ಮಾತುಗಳು ಯಾವಾಗಲೂ ಅಚ್ಚು ಹಾಕುವಂಥವಾಗಿರುತ್ತಿರಲಿಲ್ಲ ಅಂತ. ಓದಿದವರ ಮನಸ್ಸಿನಲ್ಲಿ ಉಳಿಯುವ ಚಿತ್ರ ಏನು? ಬಾಯಿ ಹೊಲಸು ನಿಕ್ಸನ್‌ದು. ಪಕ್ಕದಲ್ಲಿ ಕೂತ ಕಿಸಿಂಜರ್ ಸಂಯಮದ ಮನುಷ್ಯ.

ಈಗ ಟೇಪಿಗೆ ಬನ್ನಿ. ನಿಕ್ಸನ್ ಅದೇ ವರ್ಷದ ಫೆಬ್ರವರಿಯಲ್ಲಿ ತಮ್ಮ ಕಚೇರಿಯಲ್ಲಿ ಗುಟ್ಟಾಗಿ ಧ್ವನಿಮುದ್ರಣದ ಏರ್ಪಾಡು ಮಾಡಿಸಿದ್ದರು. ಮೇಜಿನೊಳಗೇ ಮೈಕು. ಯಾರಾದರೂ ಮಾತಾಡಿದರೆ ಟೇಪು ತಾನಾಗಿ ತಿರುಗುತ್ತಿತ್ತು. ಒಟ್ಟು ಸುಮಾರು 3,700 ಗಂಟೆ. ನಾನು ಕೆಲವು ತುಣುಕು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅರ್ಧ ಮಾತು ಗೊಣಗಿದ ಹಾಗೆ, ಮಧ್ಯೆ ಮೇಜಿನ ಮೇಲೆ ಕಾಫಿ ಕಪ್ಪು ಇಟ್ಟ ಟಕ್ ಸದ್ದು. ಬರಹಕ್ಕೆ ಇಳಿಸಿದವರು ಪಾಪ, ಎರಡು ಸಾಲಿಗೊಮ್ಮೆ ‘ಅಸ್ಪಷ್ಟ’ ಅಂತ ಹಾಕಿದ್ದಾರೆ.

ಆದರೆ ನವೆಂಬರ್ 5ರ ಬೆಳಗಿನ ಮಾತು ಅಸ್ಪಷ್ಟವಾಗಿಲ್ಲ. ಹಿಂದಿನ ದಿನದ ಭೇಟಿಯ ಬಗ್ಗೆ ಇಬ್ಬರೂ ಕೂತು ಮಾತಾಡುತ್ತಾರೆ. ನಿಕ್ಸನ್ ಇಂದಿರಾ ಅವರನ್ನು ಮುದಿ ಮಾಟಗಾತಿ ಅನ್ನುತ್ತಾರೆ. ಕಿಸಿಂಜರ್ ಸುಮ್ಮನಿರುವುದಿಲ್ಲ. ಭಾರತೀಯರು ಹೇಗೂ ಬಾಸ್ಟರ್ಡ್‌ಗಳೇ, ಅವರು ಅಲ್ಲಿ ಯುದ್ಧ ಶುರು ಮಾಡುತ್ತಿದ್ದಾರೆ ಅನ್ನುತ್ತಾರೆ. ಇಂದಿರಾ ಅವರ ಬಗ್ಗೆ ನಾನು ಇಲ್ಲಿ ಬರೆಯಲಾಗದ ಇನ್ನೊಂದು ಪದವನ್ನೂ ಬಳಸುತ್ತಾರೆ. ಅಂದರೆ ಅಚ್ಚು ಹಾಕಲಾಗದ ಮಾತು ಇಬ್ಬರದೂ ಇತ್ತು. ಪುಸ್ತಕದಲ್ಲಿ ಒಬ್ಬರದ್ದು ಮಾತ್ರ ಉಳಿಯಿತು.

ಪುಸ್ತಕ ಬರೆಯುವ ಹೊತ್ತಿಗೆ ಟೇಪು ಇದೆ ಅಂತ ಜಗತ್ತಿಗೇ ಗೊತ್ತಿತ್ತು. ಆದರೆ ಈ ಮಾತು ಹೊರಗೆ ಬಂದದ್ದು 2005ರಲ್ಲಿ. ಆಗ ಕಿಸಿಂಜರ್ ವಿಷಾದ ಹೇಳಿದರು. ಇಪ್ಪತ್ತಾರು ವರ್ಷ ಆ ಪುಸ್ತಕವೇ ಇತಿಹಾಸ ಅಂತ ಎಷ್ಟು ಜನ ಓದಿರಬೇಡ. ನನಗೆ ಇದು ನಿಜವಾಗಿಯೂ ನೋವಾಯಿತು. ನೀವೆಲ್ಲ ಇಂಥ ಪುಸ್ತಕಗಳನ್ನು ಹೇಗೆ ಓದುತ್ತೀರಿ?

ಪ್ರಶ್ನೆ ಇದೆ

ಒಳ್ಳೆಯ ವಿಷಯ ಸರ್. ಆದರೆ ಬೈಗುಳವನ್ನು ಇಷ್ಟು ದೊಡ್ಡದು ಮಾಡಬೇಕಾ? ಬಾಗಿಲು ಹಾಕಿಕೊಂಡು ಎಲ್ಲರೂ ಬೈಯುತ್ತಾರೆ. ನಾನೂ ಬೈಯುತ್ತೇನೆ. ಆತ್ಮಕತೆಯಲ್ಲಿ ಅದನ್ನೆಲ್ಲ ಬರೆದುಕೊಳ್ಳಲು ಆಗುತ್ತಾ? ಬೈಗುಳ ಬಿಟ್ಟಿದ್ದಕ್ಕೆ ಸುಳ್ಳು ಅನ್ನಬಾರದು ಅಂತ ನನ್ನ ಅಭಿಪ್ರಾಯ. ನೀತಿಯ ವಿಷಯದಲ್ಲಿ ಪುಸ್ತಕಕ್ಕೂ ಟೇಪಿಗೂ ವ್ಯತ್ಯಾಸ ಇದ್ದರೆ ಹೇಳಿ.

ಹಳೇಪುಟ

ನ್ಯಾಯವಾದ ಪ್ರಶ್ನೆ. ಬೈಗುಳ ಪಕ್ಕಕ್ಕಿಡೋಣ.

ಅದೇ ಬೆಳಗ್ಗೆ ಕಿಸಿಂಜರ್ ಇನ್ನೊಂದು ಮಾತು ಹೇಳುತ್ತಾರೆ. ನಮಗೆ ಬೇಕಾದ್ದು ಸಿಕ್ಕಿತು, ಅಮೆರಿಕ ತನ್ನನ್ನು ಸರಿಯಾಗಿ ಬರಮಾಡಿಕೊಳ್ಳಲಿಲ್ಲ, ಅದಕ್ಕೇ ಹತಾಶೆಯಿಂದ ಯುದ್ಧಕ್ಕೆ ಹೋಗಬೇಕಾಯಿತು ಅಂತ ಆಕೆ ಊರಿಗೆ ಹೋಗಿ ಹೇಳುವ ಹಾಗಿಲ್ಲ ಅಂತ. ಅಂದರೆ ಅಷ್ಟು ಆದರದ ಸ್ವಾಗತ ಯಾಕೆ? ಆಕೆಯ ಕೈಗೆ ಒಂದು ನೆಪ ಸಿಗಬಾರದು ಅಂತ. ನಮ್ಮ ಕಡೆ ಆಗ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದು ಬಿದ್ದಿದ್ದರು. ಆಕೆ ಹೋಗಿದ್ದು ಆ ಮಾತು ಆಡಲು. ಇವರ ಲೆಕ್ಕ ನೆಪದ್ದು. ಇದು ಕಿವುಡರ ಸಂಭಾಷಣೆ ಅಲ್ಲ. ಒಂದು ಕಡೆಯವರು ಕಿವಿ ಚೆನ್ನಾಗಿ ಕೇಳಿಸಿಯೂ ಬೇರೆ ಲೆಕ್ಕ ಹಾಕುತ್ತಿದ್ದರು.

ಇನ್ನೊಂದು. 1971ರ ಡಿಸೆಂಬರ್ 7ರಂದು ಕಿಸಿಂಜರ್ ಪತ್ರಕರ್ತರನ್ನು ಕೂರಿಸಿಕೊಂಡು, ಹೆಸರು ಹಾಕಬಾರದು ಅನ್ನೋ ಷರತ್ತಿನ ಮೇಲೆ, ನಮ್ಮ ಸರ್ಕಾರ ಭಾರತ ವಿರೋಧಿ ಅಲ್ಲ ಅಂತ ಹೇಳಿದರು. ಅದಕ್ಕೆ ನಾಲ್ಕೇ ದಿನ ಮೊದಲು, ಡಿಸೆಂಬರ್ 3ರಂದು, ಅಧಿಕಾರಿಗಳ ಸಭೆಯಲ್ಲಿ ಅವರು ಹೇಳಿದ್ದು ಬೇರೆ. ಭಾರತದ ಮೇಲೆ ನಾವು ಸಾಕಷ್ಟು ಬಿಗಿಯಾಗಿಲ್ಲ ಅಂತ ಅರ್ಧ ಗಂಟೆಗೊಮ್ಮೆ ಅಧ್ಯಕ್ಷರಿಂದ ಬೈಸಿಕೊಳ್ಳುತ್ತಿದ್ದೇನೆ, ಪಾಕಿಸ್ತಾನದ ಕಡೆ ವಾಲಬೇಕು ಅನ್ನೋದು ಅವರ ಇಚ್ಛೆ ಅಂತ. ಆ ಸಭೆಯ ಟಿಪ್ಪಣಿ ಜ್ಯಾಕ್ ಆಂಡರ್ಸನ್ ಅನ್ನೋ ಅಂಕಣಕಾರನ ಕೈಗೆ ಸಿಕ್ಕಿ ಹೊರಬಂತು. 1972ರಲ್ಲಿ ಆತನಿಗೆ ಪುಲಿಟ್ಜರ್ ಬಹುಮಾನ ಬಂತು. ಇದು ನೀತಿಯ ವಿಷಯವೇ ಅಲ್ವಾ?

ಪ್ರಶ್ನೆ ಇದೆ

ಒಪ್ಪಿದೆ. ನೆಪದ ಮಾತು ನನಗೆ ಗೊತ್ತಿರಲಿಲ್ಲ.

ಲೆಕ್ಕದ ಮೇಷ್ಟ್ರು

ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು. ದೊಡ್ಡವರ ವಿಷಯದ ನಡುವೆ ಒಂದು ಸಣ್ಣ ಊರಿನ ವಿಷಯ ಹೇಳುತ್ತೇನೆ.

ನಮ್ಮ ತಂದೆ ಊರಿನ ಸಹಕಾರ ಸಂಘದ ನಿರ್ದೇಶಕರಾಗಿದ್ದರು. ಕೊನೇ ದಿನಗಳಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಬದುಕಿನ ಬಗ್ಗೆ ಬರೆದಿಟ್ಟರು. ಅದರಲ್ಲಿ ಒಂದು ಘಟನೆ. ಬರಗಾಲದ ವರ್ಷ ಸಾಲ ಕಟ್ಟದ ಐದಾರು ಬಡ ರೈತರ ಮೇಲೆ ಜಪ್ತಿ ಹಾಕಲು ಸಂಘ ತೀರ್ಮಾನ ಮಾಡಿತು. ‘ನಾನೊಬ್ಬನೇ ಎದ್ದು ನಿಂತು ಬೇಡ ಅಂದೆ’ ಅಂತ ಬರೆದಿದ್ದರು. ನಮಗೆಲ್ಲ ಚಿಕ್ಕಂದಿನಿಂದ ಈ ಕತೆ ಬಾಯಿಪಾಠ.

ಅವರು ತೀರಿಕೊಂಡ ಮೇಲೆ ಸಂಘದ ಹಳೇ ನಡಾವಳಿ ಪುಸ್ತಕ ನೋಡುವ ಸಂದರ್ಭ ಬಂತು. ಕೆಂಪು ರಟ್ಟಿನ ದೊಡ್ಡ ಪುಸ್ತಕ, ಅಂಚು ಗೆದ್ದಲು ತಿಂದಿತ್ತು. ಆ ಸಭೆಯ ಪುಟ ಸಿಕ್ಕಿತು. ‘ಸರ್ವಾನುಮತದಿಂದ ಒಪ್ಪಲಾಯಿತು.’ ಕೆಳಗೆ ಏಳು ಸಹಿ. ಮೂರನೆಯದು ನಮ್ಮಪ್ಪನದು. ಅದೇ ಬಾಲ ಎಳೆದ ‘ರ’. ಅನುಮಾನವೇ ಇಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಸುಳ್ಳು ಹೇಳಿದರು ಅಂತ ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಮನೆಗೆ ಬಂದು ಅಮ್ಮನ ಹತ್ತಿರ ಬೇಡ ಅಂದಿರಬೇಕು. ಮನಸ್ಸಿನಲ್ಲೇ ನೂರು ಸಲ ಎದ್ದು ನಿಂತಿರಬೇಕು. ನಲವತ್ತು ವರ್ಷದಲ್ಲಿ ಅದು ಸಭೆಯೊಳಗೆ ನಡೆದ ಹಾಗೇ ಆಗಿಹೋಯಿತು. ಆದರೆ ಜಪ್ತಿಯಾದ ಮನೆಯವರಿಗೆ ಅಪ್ಪನ ಮನಸ್ಸಿನಲ್ಲಿ ಏನಿತ್ತು ಅನ್ನೋದರಿಂದ ಏನೂ ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ಆ ಸಹಿ.

ಅದಕ್ಕೇ ನಾನು ಯಾವ ಆತ್ಮಕತೆ ಓದಿದರೂ ‘ನಾನೊಬ್ಬನೇ ವಿರೋಧಿಸಿದೆ’ ಅನ್ನೋ ವಾಕ್ಯ ಬಂದ ಕಡೆ ನಿಲ್ಲುತ್ತೇನೆ.

ಶರಾವತಿ ತೀರ

ಮೇಷ್ಟ್ರೇ, ನಿಮ್ಮ ಮಾತು ಓದಿ ಗಂಟಲು ಕಟ್ಟಿತು. ನನಗೆ ತಕ್ಷಣ ನೆನಪಾಗಿದ್ದು ಮೌಲಾನಾ ಆಜಾದ್.

ನಾವು ಸಾಗರದ ಕಡೆಯವರು. ನಮ್ಮಜ್ಜ ಸಮಾಜವಾದಿ. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಅಜ್ಜ ಸಾಗರದಲ್ಲೇ ಇದ್ದರು. ಹಾಗಾಗಿ ಮನೆಯಲ್ಲಿ ಲೋಹಿಯಾ ಪುಸ್ತಕಗಳು ಇದ್ದವು.

ಆಜಾದ್ 1958ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಉರ್ದುವಿನಲ್ಲಿ ಹೇಳುತ್ತಾ ಹೋದದ್ದನ್ನು ಹುಮಾಯೂನ್ ಕಬೀರ್ ಇಂಗ್ಲಿಷಿನಲ್ಲಿ ಬರೆದರು. ಅದೇ ‘ಇಂಡಿಯಾ ವಿನ್ಸ್ ಫ್ರೀಡಂ’, 1959ರಲ್ಲಿ ಬಂತು. ವಿಭಜನೆಗೆ ತಾವು ಕೊನೇವರೆಗೂ ಒಪ್ಪಲಿಲ್ಲ, ನೆಹರೂ ಮತ್ತು ಪಟೇಲ್ ಒಪ್ಪಿಬಿಟ್ಟರು ಅನ್ನೋದು ಪುಸ್ತಕದ ತಿರುಳು. ಮೂವತ್ತು ಪುಟಗಳನ್ನು ಮೂವತ್ತು ವರ್ಷ ಮೊಹರು ಹಾಕಿ ಇಟ್ಟಿದ್ದರು. 1988ರಲ್ಲಿ ತೆರೆದರು. ಏನೋ ಸಿಡಿಲು ಬೀಳುತ್ತೆ ಅಂತ ಕಾದಿದ್ದವರಿಗೆ ಅಂಥದ್ದೇನೂ ಸಿಗಲಿಲ್ಲ. ನೆಹರೂ ಬಗ್ಗೆ ಇದ್ದ ಟೀಕೆ ಒಂದಿಷ್ಟು ಖಾರವಾಗಿತ್ತು, ಅಷ್ಟೆ.

ಲೋಹಿಯಾ ಈ ಪುಸ್ತಕ ಓದಿ ವಿಮರ್ಶೆ ಬರೆಯಲು ಕೂತರು. ಅದು ಬೆಳೆದು ‘ಗಿಲ್ಟಿ ಮೆನ್ ಆಫ್ ಇಂಡಿಯಾಸ್ ಪಾರ್ಟಿಷನ್’ ಅನ್ನೋ ಪುಸ್ತಕವೇ ಆಯಿತು. 1947ರ ಜೂನ್‌ನಲ್ಲಿ ವಿಭಜನೆಯ ಯೋಜನೆ ಒಪ್ಪಿಕೊಂಡ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸಭೆಗೆ ಲೋಹಿಯಾ ಮತ್ತು ಜೆಪಿ (ಜಯಪ್ರಕಾಶ್ ನಾರಾಯಣ್) ವಿಶೇಷ ಆಹ್ವಾನಿತರು. ಅವರಿಬ್ಬರು, ಗಾಂಧೀಜಿ, ಖಾನ್ ಅಬ್ದುಲ್ ಗಫಾರ್ ಖಾನ್, ಈ ನಾಲ್ವರನ್ನು ಬಿಟ್ಟರೆ ಯಾರೂ ವಿರೋಧದ ಮಾತು ಆಡಲಿಲ್ಲ ಅಂತ ಲೋಹಿಯಾ ಬರೆಯುತ್ತಾರೆ. ಆಜಾದ್? ಆ ಪುಟ್ಟ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂತು ಎರಡು ದಿನವೂ ಸಿಗರೇಟು ಸೇದುತ್ತಾ ಇದ್ದರು, ಒಂದು ಮಾತೂ ಆಡಲಿಲ್ಲ.

ನಮ್ಮಜ್ಜ ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು. ಪಕ್ಕದಲ್ಲಿ ‘ದುಃಖದಿಂದಲೂ ಇರಬಹುದು’ ಅಂತ ಬರೆದಿದ್ದರು.

ಪ್ರಶ್ನೆ ಇದೆ

ಆದರೆ ಶರಾವತಿಯವರೇ, ಲೋಹಿಯಾ ಬರೆದದ್ದು 1960ರಲ್ಲಿ. ಅದೂ ಹದಿಮೂರು ವರ್ಷದ ನಂತರದ ನೆನಪೇ ತಾನೇ? ಒಬ್ಬರ ನೆನಪಿನ ವಿರುದ್ಧ ಇನ್ನೊಬ್ಬರ ನೆನಪು. ಅಲ್ಲಿ ಟೇಪು ಇರಲಿಲ್ಲ. ಕಿಸಿಂಜರ್ ವಿಷಯಕ್ಕೂ ಇದಕ್ಕೂ ಅಜಗಜಾಂತರ.

ಶರಾವತಿ ತೀರ

ನಿಜ, ಒಪ್ಪುತ್ತೇನೆ. ಅದಕ್ಕೇ ಆಜಾದ್ ಸುಳ್ಳು ಬರೆದರು ಅಂತ ನಾನು ಹೇಳಲಾರೆ. ಪಾಕಿಸ್ತಾನ ಬೇಡ ಅಂತ ಅವರು 1946ರಲ್ಲಿ ಬಹಿರಂಗವಾಗಿ ಹೇಳಿಕೆ ಕೊಟ್ಟಿದ್ದರು, ಅದು ಅಚ್ಚಾಗಿದೆ. ಅವರ ಮನಸ್ಸು ಯಾವ ಕಡೆ ಇತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ಕೋಣೆಯೊಳಗೆ ಬಾಯಿ ತೆರೆದರಾ ಅನ್ನೋದೇ ಪ್ರಶ್ನೆ. ಮೇಷ್ಟ್ರ ಅಪ್ಪನ ಕತೆಯೂ ಅದೇ.

ನೆಕ್ಕರ್ ದಂಡೆ

ನಾನು ಹೈಡಲ್‌ಬರ್ಗ್‌ನಲ್ಲಿ ಇದ್ದೇನೆ, ಮೂಲ ದಾವಣಗೆರೆ. ಈ ಊರಿನ ಸ್ಮಶಾನದಲ್ಲಿ ಆಲ್ಬರ್ಟ್ ಸ್ಪೀರ್ ಸಮಾಧಿ ಇದೆ. ಹಿಟ್ಲರನ ಶಸ್ತ್ರಾಸ್ತ್ರ ಮಂತ್ರಿ. ನೆನಪು ತಾನಾಗಿ ಬದಲಾಗೋದು ಒಂದು. ಬೇಕಂತಲೇ ದಾಖಲೆಯನ್ನೇ ತಿದ್ದೋದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಸ್ಪೀರ್‌ಗೆ ನ್ಯೂರೆಂಬರ್ಗ್ ವಿಚಾರಣೆಯಲ್ಲಿ 20 ವರ್ಷ ಶಿಕ್ಷೆ ಆಯಿತು. 1966ರಲ್ಲಿ ಹೊರಬಂದರು. 1969ರಲ್ಲಿ ಆತ್ಮಕತೆ. ಜಗತ್ತಿನಾದ್ಯಂತ ಮಾರಾಟವಾಯಿತು. ಯೆಹೂದಿಗಳ ಹತ್ಯಾಕಾಂಡ ತನಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಿತ್ತು, ತಿಳಿದುಕೊಳ್ಳಲು ಹೋಗಲಿಲ್ಲ, ಅದೇ ನನ್ನ ತಪ್ಪು ಅಂತ ಬರೆದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಓದಿದವರು ‘ಪಶ್ಚಾತ್ತಾಪ ಪಟ್ಟ ನಾಜಿ’ ಅಂದರು.

1943ರ ಅಕ್ಟೋಬರ್ 6ರಂದು ಪೋಸೆನ್ ಊರಿನಲ್ಲಿ ಹಿಟ್ಲರನ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಒಂದು ಭಾಷಣ ಮಾಡಿದ. ಯೆಹೂದಿಗಳನ್ನು, ಹೆಂಗಸರು ಮಕ್ಕಳು ಸಮೇತ, ಕೊಲ್ಲುತ್ತಿರುವುದನ್ನು ಬಿಡಿಸಿ ಹೇಳಿದ ಭಾಷಣ ಅದು. ಸ್ಪೀರ್ ಹೆಸರೂ ಅದರಲ್ಲಿ ಬರುತ್ತದೆ. 1971ರಲ್ಲಿ ಒಬ್ಬ ಇತಿಹಾಸಕಾರರು ಇದನ್ನು ಎತ್ತಿ ಕೇಳಿದಾಗ, ನಾನು ಮಧ್ಯಾಹ್ನವೇ ಅಲ್ಲಿಂದ ಹೊರಟಿದ್ದೆ ಅಂತ ಸ್ಪೀರ್ ವಾದಿಸಿದರು. ಸಾಕ್ಷಿಗಳಿಂದ ಪ್ರಮಾಣಪತ್ರವನ್ನೂ ತಂದರು.

ಅದೇ ವರ್ಷದ ಡಿಸೆಂಬರ್ 23ರಂದು ಬೆಲ್ಜಿಯಂನ ಒಬ್ಬ ಪ್ರತಿರೋಧ ಹೋರಾಟಗಾರನ ವಿಧವೆಗೆ ಸ್ಪೀರ್ ಒಂದು ಪತ್ರ ಬರೆದಿದ್ದರು. ಅನುಮಾನವೇ ಇಲ್ಲ, ಎಲ್ಲ ಯೆಹೂದಿಗಳನ್ನೂ ಕೊಲ್ಲಲಾಗುವುದು ಅಂತ ಹಿಮ್ಲರ್ ಹೇಳಿದಾಗ ನಾನು ಅಲ್ಲಿದ್ದೆ ಅಂತ. ಆ ಪತ್ರ ಲಂಡನ್ನಿನಲ್ಲಿ ಹರಾಜಿಗೆ ಬಂದದ್ದು 2007ರಲ್ಲಿ. ಸ್ಪೀರ್ 1981ರಲ್ಲೇ ತೀರಿಕೊಂಡಿದ್ದರು.

ಇದಕ್ಕಿಂತ ಹೊಟ್ಟೆ ಉರಿಸುವುದು ಇನ್ನೊಂದಿದೆ. ಅವರ ಕಚೇರಿಯ ದಿನಚರಿಯನ್ನು ರುಡಾಲ್ಫ್ ವೋಲ್ಟರ್ಸ್ ಅನ್ನೋ ಸ್ನೇಹಿತ ಯುದ್ಧದ ಕಾಲದಲ್ಲೇ ಬರೆದಿಟ್ಟಿದ್ದ. ಬರ್ಲಿನ್‌ನಲ್ಲಿ ಯೆಹೂದಿಗಳ ಮನೆ ಖಾಲಿ ಮಾಡಿಸಿದ ವಿವರ ಅದರಲ್ಲಿತ್ತು. 1964ರಲ್ಲಿ ವೋಲ್ಟರ್ಸ್ ಅದನ್ನು ಹೊಸದಾಗಿ ಟೈಪ್ ಮಾಡಿಸಿ ಆ ಭಾಗಗಳನ್ನು ಕೈಬಿಟ್ಟ. ಸ್ಪೀರ್ ಆ ಶುದ್ಧ ಪ್ರತಿಯನ್ನೇ ಜರ್ಮನಿಯ ರಾಷ್ಟ್ರೀಯ ದಾಖಲೆ ಸಂಗ್ರಹಕ್ಕೆ ಕೊಟ್ಟರು. ಮುಂದೆ ಇಬ್ಬರ ಸ್ನೇಹ ಮುರಿದುಬಿತ್ತು. ವೋಲ್ಟರ್ಸ್ ಅಸಲಿ ಪ್ರತಿಯನ್ನು ಮಥಿಯಾಸ್ ಶ್ಮಿಟ್ ಅನ್ನೋ ಸಂಶೋಧಕನಿಗೆ ತೋರಿಸಿದ. ಅಲ್ಲಿಗೆ ಗುಟ್ಟು ರಟ್ಟಾಯಿತು.

ಇದು ಮರೆವು ಅಲ್ಲ. ಮನೆ ಖಾಲಿ ಮಾಡಿಸಿಕೊಂಡ ಜನ ಎಲ್ಲಿಗೆ ಹೋದರು ಅಂತ ಒಂದು ಕ್ಷಣ ಯೋಚಿಸಿ. ಆಮೇಲೆ ಆ ಟೈಪ್‌ರೈಟರ್ ನೆನಪಿಸಿಕೊಳ್ಳಿ.

ಲೆಕ್ಕದ ಮೇಷ್ಟ್ರು

ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ. ನಿಮ್ಮ ಮಾತು ಸರಿ. ಅಪ್ಪನ ನೋಟ್‌ಬುಕ್ಕನ್ನು ಇದರ ಪಕ್ಕ ಇಡಬಾರದು.

ಹಗಲುಬೆಳಕು

ನಮ್ಮ ದೇಶದ್ದೇ ಒಂದು ಚಿಕ್ಕದು. ಭೋಪಾಲ್ ಅನಿಲ ದುರಂತ ಆದಾಗ ಅರ್ಜುನ್ ಸಿಂಗ್ ಮಧ್ಯಪ್ರದೇಶದ ಮುಖ್ಯಮಂತ್ರಿ. 1984ರ ಡಿಸೆಂಬರ್ 7ರಂದು ಆ ಕಾರ್ಖಾನೆಯ ಯೂನಿಯನ್ ಕಾರ್ಬೈಡ್ ಕಂಪನಿಯ ಮುಖ್ಯಸ್ಥ ವಾರನ್ ಆಂಡರ್ಸನ್‌ರನ್ನು ಬಂಧಿಸಿ ಅವತ್ತೇ ಬಿಟ್ಟು, ಸರ್ಕಾರಿ ವಿಮಾನದಲ್ಲಿ ದೆಹಲಿಗೆ ಕಳಿಸಿದರು. 2010ರಲ್ಲಿ ರಾಜ್ಯಸಭೆಯಲ್ಲಿ ಅರ್ಜುನ್ ಸಿಂಗ್, ಬಿಡುಗಡೆಗಾಗಿ ಕೇಂದ್ರ ಗೃಹ ಸಚಿವಾಲಯದಿಂದ ನಮ್ಮ ಮುಖ್ಯ ಕಾರ್ಯದರ್ಶಿಗೆ ಮೇಲಿಂದ ಮೇಲೆ ಫೋನ್ ಬಂತು ಅಂದರು. ಫೋನ್ ಮಾಡಿದ್ದು ಯಾರು ಅಂತ ಹೆಸರು ಬರಲಿಲ್ಲ. ಅವರು ತೀರಿಕೊಂಡ ಮೇಲೆ 2012ರಲ್ಲಿ ಆತ್ಮಕತೆ ಬಂತು. ಅದರಲ್ಲಿ ಗೃಹ ಕಾರ್ಯದರ್ಶಿ ಆರ್. ಡಿ. ಪ್ರಧಾನ್, ಗೃಹ ಸಚಿವ ನರಸಿಂಹ ರಾವ್ ಅವರ ಸೂಚನೆಯಂತೆ ಫೋನ್ ಮಾಡಿದರು ಅಂತ ಬರೆದಿತ್ತು. ಪ್ರಧಾನ್ ಹೇಳಿದ್ದು ಒಂದೇ ಮಾತು. ಆ ಡಿಸೆಂಬರ್‌ನಲ್ಲಿ ನಾನು ಮಹಾರಾಷ್ಟ್ರದ ಮುಖ್ಯ ಕಾರ್ಯದರ್ಶಿ, ದೆಹಲಿಗೆ ಬಂದದ್ದೇ 1985ರ ಜನವರಿಯಲ್ಲಿ.

ರಾವ್ ಅವರೂ ಅಷ್ಟೊತ್ತಿಗೆ ಇರಲಿಲ್ಲ. ಸತ್ತವರ ಹೆಗಲಿಗೆ ಹಾಕಿದರೆ ಎದುರು ಮಾತಾಡುವವರು ಯಾರು? ಇಲ್ಲಿ ಒಂದು ನೇಮಕದ ದಿನಾಂಕ ಮಾತಾಡಿತು.

ಪ್ರಶ್ನೆ ಇದೆ

ಎಲ್ಲರೂ ಪುಸ್ತಕ ಸುಳ್ಳು, ಹಳೇದು ನಿಜ ಅಂತ ಹೇಳುತ್ತಿದ್ದೀರಿ. ನಾನು ಉಲ್ಟಾ ಉದಾಹರಣೆ ಕೊಡುತ್ತೇನೆ. ರಾಬರ್ಟ್ ಮೆಕ್ನಮಾರಾ.

ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕದ ರಕ್ಷಣಾ ಕಾರ್ಯದರ್ಶಿ. ಕೈಯಲ್ಲಿ ಅಂಕಿ ಅಂಶ ಹಿಡಿದುಕೊಂಡು ಯುದ್ಧ ಸರಿಯಾಗಿ ನಡೆಯುತ್ತಿದೆ ಅಂತ ವರ್ಷಗಟ್ಟಲೆ ಹೇಳಿದವರು. 1964ರ ಆಗಸ್ಟ್ 4ರಂದು ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಉತ್ತರ ವಿಯೆಟ್ನಾಂನಿಂದ ಎರಡನೇ ದಾಳಿ ನಡೆದಿದೆ ಅಂತ ಸಂಸತ್ತಿಗೆ ಭರವಸೆ ಕೊಟ್ಟವರು. 1995ರಲ್ಲಿ ‘ಇನ್ ರೆಟ್ರೋಸ್ಪೆಕ್ಟ್’ ಬರೆದು, ನಾವು ತಪ್ಪು ಮಾಡಿದೆವು, ಭಯಂಕರ ತಪ್ಪು ಮಾಡಿದೆವು ಅಂದರು. ಅದೇ ವರ್ಷ ಹನೋಯ್‌ಗೆ ಹೋಗಿ, ಆಗ ಎದುರು ಪಾಳಯದ ಸೇನೆ ನಡೆಸಿದ್ದ ಜನರಲ್ ಜ್ಯಾಪ್ ಅವರನ್ನೇ ಕೇಳಿದರು, ಆಗಸ್ಟ್ 4ರಂದು ಏನಾಯಿತು ಅಂತ. ಏನೂ ಆಗಲಿಲ್ಲ ಅನ್ನೋ ಉತ್ತರ ಬಂತು.

ಇಲ್ಲಿ ಹಳೇ ಹೇಳಿಕೆಗಳೆಲ್ಲ ಟಿವಿಯಲ್ಲಿ ದಾಖಲಾಗಿವೆ. ಪುಸ್ತಕ ಅವಕ್ಕೆ ವಿರುದ್ಧವಾಗಿದೆ. ಯಾವುದನ್ನು ನಂಬುತ್ತೀರಿ? ಪುಸ್ತಕವನ್ನೇ ಅಲ್ವಾ?

ಶರಾವತಿ ತೀರ

ಪುಸ್ತಕವನ್ನೇ. ಆದರೆ ಕ್ಷಮಿಸಲು ನನ್ನಿಂದ ಆಗುವುದಿಲ್ಲ. 1967ರ ನವೆಂಬರ್ 1ರಂದೇ ಅವರು ಬಾಂಬ್ ದಾಳಿ ನಿಲ್ಲಿಸಿ ಅಂತ ಅಧ್ಯಕ್ಷ ಜಾನ್ಸನ್‌ಗೆ ಗುಟ್ಟಾಗಿ ಪತ್ರ ಬರೆದಿದ್ದರು. ಆಮೇಲೆ ವಿಶ್ವಬ್ಯಾಂಕಿನ ಅಧ್ಯಕ್ಷರಾಗಿ ಹೋದರು. ಯುದ್ಧ 1975ರವರೆಗೂ ನಡೆಯಿತು. ಅವರ ದೇಶದವರೇ 58,000ಕ್ಕೂ ಜಾಸ್ತಿ ಸತ್ತರು. ವಿಯೆಟ್ನಾಮಿನವರ ಲೆಕ್ಕ ಲಕ್ಷಗಳಲ್ಲಿದೆ. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದು 27 ವರ್ಷ. ಸತ್ಯ ಗೊತ್ತಿದ್ದ ದಿನ ಹೇಳಿದ್ದರೆ ಎಷ್ಟು ಜನ ಉಳಿಯುತ್ತಿದ್ದರು.

ಹಳೇಪುಟ

‘ಪ್ರಶ್ನೆ ಇದೆ’ ಅವರೇ, ನಿಮ್ಮ ಉದಾಹರಣೆಯಿಂದ ನನಗೆ ಒಂದು ವಿಷಯ ಹೊಳೆಯಿತು. ಬೆಳಗ್ಗಿನಿಂದ ಅದೇ ತಲೆಯಲ್ಲಿ ಓಡುತ್ತಿದೆ.

ನಾವು ಎರಡನ್ನು ಮಾತ್ರ ಹೋಲಿಸುತ್ತಿದ್ದೆವು, ಹಳೇದು ಮತ್ತು ಪುಸ್ತಕ. ಹಳೇದರಲ್ಲೇ ಎರಡು ಇದೆ. ಊರ ಮುಂದೆ ಆಡಿದ್ದು, ಕೋಣೆಯೊಳಗೆ ಆಡಿದ್ದು. ಪುಸ್ತಕ ಈ ಎರಡರಲ್ಲಿ ಯಾವುದರ ಜೊತೆ ಕೈ ಜೋಡಿಸುತ್ತದೆ ಅಂತ ನೋಡಬೇಕು. ಮೆಕ್ನಮಾರಾ ಪುಸ್ತಕ ಊರ ಮುಂದೆ ಆಡಿದ್ದಕ್ಕೆ ವಿರುದ್ಧ ಇದೆ, ಕೋಣೆಯೊಳಗಿನ 1967ರ ಪತ್ರದ ಜೊತೆ ಹೊಂದುತ್ತದೆ. ಹಾಗಾಗಿ ನಂಬಬಹುದು. ಕಿಸಿಂಜರ್ ಪುಸ್ತಕ ಊರ ಮುಂದಿನ ಮಾತಿನ ಧಾಟಿಯಲ್ಲೇ ಇದೆ, ಕೋಣೆಯೊಳಗಿನ ಟೇಪಿಗೆ ವಿರುದ್ಧ ಇದೆ. ಅಂದರೆ ಪತ್ರಕರ್ತರಿಗೆ ಅವತ್ತು ಹೇಳಿದ್ದನ್ನೇ ಎಂಟು ವರ್ಷದ ಮೇಲೆ ಚೆನ್ನಾಗಿ ಬರೆದು ನಮಗೆ ಹೇಳಿದರು. ಸ್ಪೀರ್ ಕತೆಯೂ ಹಾಗೇ. ನ್ಯಾಯಾಲಯದ ಮುಂದೆ ಆಡಿದ ಮಾತೇ ಪುಸ್ತಕವಾಯಿತು, ಆ ವಿಧವೆಗೆ ಬರೆದ ಖಾಸಗಿ ಪತ್ರ ಮಾತ್ರ ಬೇರೆ ಹೇಳಿತು.

ಇದರ ಜೊತೆ ಪದಗಳನ್ನೂ ನೋಡಬೇಕು. ಪೂರ್ತಿ ಸುಳ್ಳು ಬರೆಯದೆ ಮೆತ್ತಗೆ ಮಾಡಿಬಿಡುತ್ತಾರೆ. ನಿಕ್ಸನ್ 1978ರ ತಮ್ಮ ಆತ್ಮಕತೆಯಲ್ಲಿ ಬ್ರೂಕಿಂಗ್ಸ್ ಅನ್ನೋ ಖಾಸಗಿ ಸಂಶೋಧನಾ ಸಂಸ್ಥೆಯಲ್ಲಿದ್ದ ಒಂದು ವರದಿಯ ಬಗ್ಗೆ ಬರೆಯುತ್ತಾರೆ. ಕದ್ದುಮುಚ್ಚಿಯಾದರೂ ಸರಿ, ಅದು ವಾಪಸು ಬೇಕು ಅಂದೆ ಅಂತ. ಓದಿದರೆ ಏನೋ ಸಣ್ಣ ಚಾಲಾಕಿ ಅನ್ನಿಸುತ್ತದೆ. 1971ರ ಜೂನ್ 17ರ ಟೇಪಿನಲ್ಲಿ ಇರೋದು: ಒಳಗೆ ನುಗ್ಗಿ, ಫೈಲು ತನ್ನಿ, ತಿಜೋರಿ ಸ್ಫೋಟಿಸಿ ತನ್ನಿ. ಒಂದು ದೇಶದ ಅಧ್ಯಕ್ಷ ಕಳ್ಳತನಕ್ಕೆ ಆಜ್ಞೆ ಕೊಟ್ಟಿದ್ದು, ಪುಸ್ತಕದಲ್ಲಿ ಒಂದು ಕ್ರಿಯಾವಿಶೇಷಣ ಆಯಿತು. ತಿಪ್ಪೆ ಸಾರಿಸೋದು ಅಂದರೆ ಇದೇ. ಆ ಟೇಪುಗಳು ಹೊರಬರಬಾರದು ಅಂತ ನಿಕ್ಸನ್ 1994ರಲ್ಲಿ ಸಾಯೋವರೆಗೂ ಕೋರ್ಟಿನಲ್ಲಿ ಹೋರಾಡಿದರು.

ನಮ್ಮಲ್ಲಿ ಟೇಪು ಇಲ್ಲ ಅಂತ ಕೈಚೆಲ್ಲಬೇಕಿಲ್ಲ. ವಿಧಾನಸಭೆಯ ನಡಾವಳಿಗಳು ಅಚ್ಚಾಗಿವೆ. ಲೋಕಸಭೆ, ರಾಜ್ಯಸಭೆಯ ಚರ್ಚೆಗಳನ್ನು ದಿನಾಂಕ ಹಿಡಿದು ಹುಡುಕಬಹುದು. ನಮ್ಮ ಮುಖ್ಯಮಂತ್ರಿಗಳು, ಮಂತ್ರಿಗಳು ಬರೆದ ಪುಸ್ತಕ ಕೈಗೆ ಬಂದಾಗ ನಾವು ಎಷ್ಟು ಜನ ಹೋಗಿ ಆ ದಿನದ ನಡಾವಳಿ ತೆಗೆದು ನೋಡಿದ್ದೇವೆ? ನಾನೂ ನೋಡಿಲ್ಲ. ಇನ್ನು ನೋಡಬೇಕು ಅಂತ ಮಾಡಿದ್ದೇನೆ.

ಎಡದಂಡೆ ಕಾಲುವೆ

ನಾನು ಸಿಂಧನೂರಿನವಳು. ಇಲ್ಲಿಯವರೆಗೆ ಓದುತ್ತಾ ಮಾತ್ರ ಇದ್ದೆ, ಈಗ ಬರೆಯಲೇಬೇಕು ಅನ್ನಿಸಿತು.

ನಮ್ಮ ತಾಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಕ್ಯಾಂಪುಗಳಿವೆ. ಆರ್‌ಎಚ್ ಕ್ಯಾಂಪು ಅಂತಾರೆ, ಒಂದು, ಎರಡು ಅಂತ ನಂಬರು. ಶಾಲೆಯಲ್ಲಿ ನನ್ನ ಜೊತೆ ಓದಿದವರಲ್ಲಿ ಆ ಕ್ಯಾಂಪಿನ ಹುಡುಗಿಯರಿದ್ದರು. ಅವರಲ್ಲಿ ಒಬ್ಬಳ ಅಜ್ಜಿ ಇನ್ನೂ ಇದ್ದಾರೆ. ಅಣ್ಣನ ಸಂಸಾರ ಮೊದಲೇ ಬಂದು ಇಲ್ಲಿ ಗದ್ದೆ ಮಾಡಿಕೊಂಡಿತ್ತು. ಅಜ್ಜಿ 1971ರಲ್ಲಿ ಗಡಿ ದಾಟಿ, ಆಮೇಲೆ ಅಣ್ಣನ ಹತ್ತಿರ ಬಂದವರು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ನಮ್ಮ ಕಡೆಯ ಕನ್ನಡವೇ.

ನೀವು ಬರೆದದ್ದು ಓದಿದ ಮೇಲೆ ನಿನ್ನೆ ಸಂಜೆ ಹೋಗಿದ್ದೆ. ಯಾವಾಗ ಬಂದ್ರಿ ಅಜ್ಜಿ ಅಂತ ಕೇಳಿದೆ. ‘ಮಳೆಗಾಲ್ದಾಗ’ ಅಂದರು. ಮೊಣಕಾಲು ಮಟ್ಟ ನೀರು, ತಲೆ ಮೇಲೆ ಪಾತ್ರೆ ಗಂಟು, ಸೊಂಟದ ಮೇಲೆ ಮಗು. ಮಗು ಉಳಿಯಲಿಲ್ಲ. ಅದನ್ನು ಹೇಳುವಾಗ ಅವರು ಕೈಯಲ್ಲಿದ್ದ ಮೊರದ ಕಡೆಯೇ ನೋಡುತ್ತಿದ್ದರು, ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ.

ಆಮೇಲೆ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಗಡಿಯ ಹತ್ತಿರ ಕೊಟ್ಟ ನೋಂದಣಿ ಚೀಟಿ. ಮಡಿಸಿದ ಕಡೆಯೆಲ್ಲ ಹರಿದಿದೆ. ದಿನಾಂಕ ಮಾತ್ರ ಕಾಣುತ್ತದೆ, 1971ರ ಮೇ ಮೊದಲ ವಾರ. ಮಳೆಗಾಲ ಅಲ್ಲ. ಯಾವುದೋ ಅಕಾಲ ಮಳೆ ಇದ್ದಿರಬೇಕು, ಇಲ್ಲ ಕ್ಯಾಂಪಿನಲ್ಲಿ ಕಂಡ ಮಳೆ ದಾರಿಯ ನೆನಪಿಗೆ ಸೇರಿರಬೇಕು. ನಾನು ಅದನ್ನು ಅವರಿಗೆ ಹೇಳಲಿಲ್ಲ. ಹೇಳಬೇಕು ಅಂತಲೂ ಅನ್ನಿಸಲಿಲ್ಲ.

ಆ ವಾರ ಅಮೆರಿಕದಲ್ಲಿ ಏನು ನಡೆದಿತ್ತು ಅಂತ ದಾಖಲೆ ಇದೆಯಾ ಸರ್?

ಹಳೇಪುಟ

ಇದೆ ಮೇಡಂ.

ಅದಕ್ಕೂ ಮೊದಲಿನದು ಒಂದು ಹೇಳುತ್ತೇನೆ. ಏಪ್ರಿಲ್ 6ರಂದೇ ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಅವರ ಕಚೇರಿಯಿಂದ ಒಂದು ತಂತಿ ಹೋಗಿತ್ತು. ಇಲ್ಲಿ ಪಾಕಿಸ್ತಾನದ ಸೇನೆ ನಡೆಸುತ್ತಿರುವ ದಮನವನ್ನು ಖಂಡಿಸಲು ನಮ್ಮ ಸರ್ಕಾರ ಸೋತಿದೆ ಅಂತ ಅಲ್ಲಿನ 20 ಅಮೆರಿಕನ್ನರು ಸಹಿ ಹಾಕಿದ್ದರು. ಬ್ಲಡ್ ಅವರನ್ನು ಆ ಹುದ್ದೆಯಿಂದ ಎತ್ತಂಗಡಿ ಮಾಡಿದರು. ಅಂದರೆ ಅಜ್ಜಿ ದಾರಿಯಲ್ಲಿದ್ದಾಗ ವೈಟ್ ಹೌಸ್‌ಗೆ ವಿಷಯ ಗೊತ್ತಿತ್ತು.

ಏಪ್ರಿಲ್ 28ರ ತಾರೀಖಿನ ಒಂದು ಟಿಪ್ಪಣಿ ಇದೆ. ಪಾಕಿಸ್ತಾನದ ಬಗ್ಗೆ ಮುಂದೆ ಏನು ಮಾಡಬಹುದು ಅಂತ ಕಿಸಿಂಜರ್ ಅಧ್ಯಕ್ಷರ ಮುಂದಿಟ್ಟದ್ದು. ಅದರ ಮೇಲೆ ನಿಕ್ಸನ್ ತಮ್ಮ ಕೈಯಲ್ಲೇ ಬರೆದಿದ್ದಾರೆ, ಎಲ್ಲರಿಗೂ ಹೇಳುತ್ತಿದ್ದೇನೆ, ಈ ಹೊತ್ತಿನಲ್ಲಿ ಯಾಹ್ಯಾ (ಪಾಕಿಸ್ತಾನದ ಆಗಿನ ಸೇನಾ ಆಡಳಿತಗಾರ) ಮೇಲೆ ಒತ್ತಡ ಹಾಕಬೇಡಿ ಅಂತ. ‘ಬೇಡಿ’ ಅನ್ನೋದರ ಕೆಳಗೆ ಮೂರು ಗೆರೆ. ಅಜ್ಜಿಯ ಚೀಟಿಗೂ ಅದಕ್ಕೂ ಹೆಚ್ಚೆಂದರೆ ಹತ್ತು ದಿನದ ಅಂತರ.

ದಯವಿಟ್ಟು ಆ ಚೀಟಿಯ ಎರಡೂ ಬದಿಯ ಫೋಟೋ ತೆಗೆದಿಡಿ. ಬಿಸಿಲಿನಲ್ಲಿ ಬೇಡ, ನೆರಳಿನಲ್ಲಿ ಬಾಗಿಲ ಹತ್ತಿರ ಇಟ್ಟು ತೆಗೆಯಿರಿ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಬಿಳಿ ಹತ್ತಿ ಬಟ್ಟೆಯಲ್ಲಿ ಇಡಲು ಹೇಳಿ, ಒಳಗೆ ತೇವ ನಿಂತರೆ ಶಾಯಿ ಹರಡುತ್ತದೆ.

ಎಡದಂಡೆ ಕಾಲುವೆ

ಆಗಲಿ ಸರ್. ಭಾನುವಾರ ಹೋಗುತ್ತೇನೆ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಂಖ್ಯೆ ಇದೆ, ಅರ್ಧ ಅಳಿಸಿದೆ. ಪಕ್ಕದಲ್ಲಿ ‘2’ ಅಂತ ಇದೆ. ಅವರು ಮತ್ತು ಮಗು ಇರಬೇಕು.